ಕುದುರೆಮುಖದ ಹಳ್ಳಗಳ ಫೋಟೊ ತೆಗೆಯಲು ಯಾವ ತಿಂಗಳು ಸೂಕ್ತ?

ಕೂಡ್ಲಿಯವ:
ನನ್ನೂರು ಶಿವಮೊಗ್ಗದ ಹತ್ತಿರದ ಕೂಡ್ಲಿ. ತುಂಗೆಯೂ ಭದ್ರೆಯೂ ಸೇರುವಲ್ಲಿ ಬೆಳೆದವನಿಗೆ ಅವುಗಳ ತಲೆಯ ಕಡೆಯ ಹಳ್ಳಗಳನ್ನು ನಡೆದು ನೋಡಬೇಕೆಂಬ ಆಸೆ ಬಹಳ ದಿನಗಳದು. ಕಳೆದ ಜುಲೈನಲ್ಲಿ ಚಾರಣ ಶುರುವಾಗುವ ಮುಳ್ಳೋಡಿ ಹಳ್ಳಿಯಿಂದ ಕುದುರೆಮುಖ ಶಿಖರದ ಹಾದಿ ಹಿಡಿದೆ. ಅರ್ಧ ದಾರಿಯಲ್ಲೇ ಜೂಮ್ ಲೆನ್ಸಿನ ಒಳಗೆ ಆವಿ ಕಟ್ಟಿತು. ಅದಕ್ಕೂ ಮೊದಲು ತೆಗೆದ ಚಿತ್ರಗಳಲ್ಲಿ ಹಳ್ಳದ ನೀರು ಸುಣ್ಣ ಬಳಿದಂತೆ ಬೆಳ್ಳಗಾಗಿದೆ, ಎಲೆಗಳು ಹೊಳಪಿನಲ್ಲಿ ಹಸಿರನ್ನೇ ಕಳೆದುಕೊಂಡಿವೆ, ಮಂಜು ಮಾತ್ರ ಬೂದಿಯಂತೆ ಕಪ್ಪಿಟ್ಟಿದೆ. ಈ ಸಲ ಯಾವಾಗ ಹೋಗಲಿ, ಟ್ರೈಪಾಡ್ ಹೊರುವುದು ಅಗತ್ಯವೇ ಎಂಬುದನ್ನು ಅನುಭವಿಗಳು ತಿಳಿಸಬೇಕು.

ಸಂಸೆ ದಾರಿ:
ಮೊದಲಿಗೆ ಒಂದು ತಿದ್ದುಪಡಿ. ಆ ಹಾದಿಯಲ್ಲಿ ತುಂಗೆಯನ್ನು ಹುಡುಕಬೇಡಿ. ಶಿಖರದ ಪೂರ್ವಕ್ಕೆ ಬಿದ್ದ ಮಳೆ ಭದ್ರೆಗೆ, ಪಶ್ಚಿಮದ ಕಣಿವೆಗೆ ಬಿದ್ದದ್ದು ನೇತ್ರಾವತಿಗೆ ಸೇರುತ್ತದೆ. ತುಂಗೆಯ ಮೂಲವಿರುವುದು ಗಂಗಾಮೂಲದಲ್ಲಿ, ಅದು ಬೇರೆಯೇ ದಿಕ್ಕು.

ತಿಂಗಳ ವಿಚಾರಕ್ಕೆ ಬಂದರೆ, ನನ್ನ ಮತ ಅಕ್ಟೋಬರ್ ಕೊನೆಯಿಂದ ನವೆಂಬರ್ ಮುಗಿಯುವವರೆಗಿನ ಅವಧಿಗೆ. ಜುಲೈನಲ್ಲಿ ಹಳ್ಳಗಳು ಒಂದೇ ಮಳೆಗೆ ಏರಿಬಿಡುತ್ತವೆ. ಬೆಳಿಗ್ಗೆ ಮೊಣಕಾಲುದ್ದ ದಾಟಿದ ನೀರನ್ನು ಸಂಜೆ ದಾಟಲಾಗದೆ ದಡದಲ್ಲಿ ಕಾದು ಕುಳಿತ ಅನುಭವ ನನಗಿದೆ. ನವೆಂಬರಿನಲ್ಲಿ ನೀರು ತಿಳಿಯಾಗಿ ತಳದ ಕಲ್ಲಿನ ಬಣ್ಣವೂ ಕಾಣುತ್ತದೆ, ಹುಲ್ಲುಗಾವಲು ಇನ್ನೂ ಪೂರ್ತಿ ಒಣಗಿರುವುದಿಲ್ಲ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯದಿಂದ ಚಾರಣವನ್ನು ನಿಲ್ಲಿಸುತ್ತಾರೆ. ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ಮುಂಚಿತವಾಗಿ ಕಾಯ್ದಿರಿಸಿ. ವಾರಾಂತ್ಯದ ಸ್ಥಳಗಳು ಬೇಗ ಮುಗಿಯುತ್ತವೆ.

ಮಂಜುಕಣ:
ನಿಮ್ಮ ಚಿತ್ರಗಳ ಮೂರು ತೊಂದರೆಗಳಲ್ಲಿ ಎರಡಕ್ಕೆ ಮೂಲ ಒಂದೇ. ಕ್ಯಾಮೆರಾದ ಮೀಟರು ಎದುರಿಗಿರುವುದನ್ನೆಲ್ಲ ನಡುಬೂದು ಎಂದೇ ಎಣಿಸುತ್ತದೆ. ಆದ್ದರಿಂದ ಬಿಳಿ ಮಂಜು ತುಂಬಿದ ದೃಶ್ಯವನ್ನು ಕಪ್ಪಾಗಿಸುತ್ತದೆ, ಕತ್ತಲ ಶೋಲಾ ಕಾಡಿನ ನಡುವಿನ ನೊರೆನೀರನ್ನು ಸುಟ್ಟುಬಿಡುತ್ತದೆ. ಮಂಜಿಗೆ ಎಕ್ಸ್‌ಪೋಷರನ್ನು ಒಂದು ಸ್ಟಾಪ್ ಏರಿಸಿ (ಅಂದರೆ ಬೆಳಕು ಎರಡು ಪಟ್ಟು), ನೊರೆಗೆ ಅಷ್ಟೇ ಇಳಿಸಿ, ಚಿತ್ರದ ಬೆಳಕು ನೆರಳಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಮ್ ನೋಡಿಕೊಳ್ಳಿ. ಎಲೆಯ ಹೊಳಪಿಗೆ ಮದ್ದು ಪೋಲರೈಸರ್ ಫಿಲ್ಟರ್. ಅದನ್ನು ನಿಧಾನವಾಗಿ ತಿರುಗಿಸುತ್ತಾ ಹೋದಂತೆ ಒದ್ದೆ ಎಲೆಯ ಮೇಲಿನ ಬೆಳ್ಳನೆಯ ಪೊರೆ ಸುಲಿದು ಹಸಿರು ಹೊರಬರುವುದನ್ನು ಕಣ್ಣಾರೆ ಕಾಣಬಹುದು. ಅದು ಒಂದೂವರೆ ಎರಡು ಸ್ಟಾಪ್ ಬೆಳಕನ್ನೂ ನುಂಗುವುದರಿಂದ, ಮೋಡದ ದಿನ ಕ್ಯಾಮೆರಾದ ಬೆಳಕಿನ ಸಂವೇದನೆಯನ್ನು ತಗ್ಗಿಸಿದ ಐಎಸ್‌ಒ 100ರಲ್ಲಿ ಕಾಲು ಸೆಕೆಂಡಿನ ಶಟರ್ ತಾನಾಗಿ ಸಿಗುತ್ತದೆ. ಹತ್ತಿಯಂತೆ ಕರಗಿದ ನೀರು ನನಗೆ ಹಿಡಿಸುವುದಿಲ್ಲ. ಕಾಲು ಸೆಕೆಂಡಿನಲ್ಲಿ ಹರಿವಿನ ಎಳೆಗಳು ಉಳಿಯುತ್ತವೆ.

ಆವಿಯ ವಿಷಯ ಹೇಳುವುದಾದರೆ, ಜೂಮ್ ಉದ್ದವಾದಾಗಲೆಲ್ಲ ಲೆನ್ಸ್ ಹಸಿಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಮಳೆಯಲ್ಲಿ ಜೂಮ್ ಇಲ್ಲದ ಫಿಕ್ಸೆಡ್ ಲೆನ್ಸ್ ಮೇಲು. ಮನೆಗೆ ಬಂದ ಮೇಲೆ ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ, ಇಲ್ಲದಿದ್ದರೆ ಚಪ್ಪಲಿಗೆ ಹಿಡಿಯುವ ಬೂಷ್ಟು ಗಾಜಿಗೂ ಹಿಡಿಯುತ್ತದೆ.

ಕಾನುಬದಿ:
ಟ್ರೈಪಾಡ್ ಬಗ್ಗೆ ಯಾರೂ ಹೇಳಲಿಲ್ಲ. ಹೋಗಿ ಬರಲು ಸುಮಾರು 20 ಕಿಲೋಮೀಟರ್, ಸಂಜೆಯೊಳಗೆ ಇಳಿಯಲೇಬೇಕು. ದೊಡ್ಡದನ್ನು ಹೊತ್ತವರು ಹಾದಿಯಲ್ಲಿ ಸಿಗುವ ಒಂಟಿ ಮರದ ಹತ್ತಿರವೇ ಅದನ್ನು ಶಪಿಸತೊಡಗುತ್ತಾರೆ. ಮೊಣಕಾಲೆತ್ತರದ ಹಗುರವಾದದ್ದು ಸಾಕು. ಕಾಲುಗಳನ್ನು ಮರಳಿನ ಮೇಲಲ್ಲ, ಬಂಡೆಯ ಮೇಲೆ ಊರಿ.

ಇಂಬಳಕ್ಕೆ ಹೊಗೆಸೊಪ್ಪಿನ ಪುಡಿ, ಸುಣ್ಣ ಎಲ್ಲರಿಗೂ ಗೊತ್ತಿರುವುದೇ. ನನಗಿರುವ ಚಿಂತೆ ಉಣುಗಿನದು. ಡಿಸೆಂಬರಿನ ನಂತರ ಮಲೆನಾಡಿನ ಕಾಡುಗಳಲ್ಲಿ ಉಣುಗು ಹರಡುವ ಮಂಗನ ಕಾಯಿಲೆಯ ಕಾಲ ಶುರುವಾಗುತ್ತದೆ; 1957ರಲ್ಲಿ ಅದು ಮೊದಲು ಪತ್ತೆಯಾದದ್ದೂ ನಮ್ಮ ಶಿವಮೊಗ್ಗ ಜಿಲ್ಲೆಯ ಸೊರಬದ ಕ್ಯಾಸನೂರು ಕಾಡಿನಲ್ಲೇ. ಫೋಟೊದವರು ಕೆಳಕೋನ ಬೇಕೆಂದು ತರಗೆಲೆಯ ಮೇಲೆ ಹೊಟ್ಟೆಯಡಿ ಮಲಗುತ್ತಾರೆ, ಉಣುಗಿನ ಮರಿಗಳಿರುವುದೂ ಅಲ್ಲೇ. ಮಲಗಲೇಬೇಕಾದರೆ ಪ್ಲಾಸ್ಟಿಕ್ ಹಾಳೆ ಹಾಸಿ, ತುಂಬುತೋಳಿನ ಬಟ್ಟೆ ತೊಡಿ, ಮನೆಗೆ ಬಂದು ಬಿಸಿನೀರಿನ ಸ್ನಾನ ಮಾಡಿ.

ಕೂಡ್ಲಿಯವ:
ಎಲ್ಲರಿಗೂ ಧನ್ಯವಾದಗಳು. ನವೆಂಬರಿನ ಒಂದು ಬುಧವಾರ ಹೋಗುವುದೆಂದು ನಿರ್ಧರಿಸಿದ್ದೇನೆ. ತುಂಗೆಯ ಕಡೆಗೆ ಇನ್ನೊಮ್ಮೆ ಹೋಗುತ್ತೇನೆ.