ಗ್ರಾಫಿಟಿ ಶೈಲಿಯಲ್ಲಿ ‘ಹಬ್ಬ’ ಬರೆದರೆ ಯಾರಿಗೂ ಓದೋಕೆ ಆಗ್ತಿಲ್ಲ, ಏನು ಸರಿಮಾಡಬೇಕು?

ಹಾಳೆ_ಪೆನ್ಸಿಲ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಗ್ರಾಫಿಟಿ (ಗೋಡೆ ಮೇಲೆ ಸ್ಪ್ರೇ ಬಣ್ಣದಲ್ಲಿ ಬರೀತಾರಲ್ಲ, ಆ ಅಲಂಕಾರದ ಬರಹ) ಥರದ ಅಕ್ಷರ ಬಿಡಿಸೋದನ್ನ ಈಗಷ್ಟೇ ಶುರು ಮಾಡಿದ್ದೇನೆ. ಗೋಡೆ ಮೇಲೆ ಅಲ್ಲ, ಬರೀ ಎ4 ಹಾಳೆಯಲ್ಲಿ. ವಿಡಿಯೋ ನೋಡಿ ಇಂಗ್ಲಿಷ್ ಅಕ್ಷರಗಳನ್ನು ಉಬ್ಬಿಸಿ ಬರೆದೆ, ಚೆನ್ನಾಗಿಯೇ ಬಂತು. ಈಗ ಕಾಲೇಜಿನ ಕಾರ್ಯಕ್ರಮಕ್ಕೆ ಕನ್ನಡದಲ್ಲಿ ‘ಹಬ್ಬ’ ಅಂತ ಬರೆಯಬೇಕು. ಅದೇ ರೀತಿ ಉಬ್ಬಿಸಿದರೆ ಮೂರು ಬಲೂನು ಅಂಟಿಸಿದ ಹಾಗೆ ಕಾಣ್ತಿದೆ. ಗೆಳತಿಗೆ ತೋರಿಸಿದೆ, ಅವಳಿಗೆ ಓದೋಕೇ ಆಗಲಿಲ್ಲ.

ಇನ್ನೊಂದು ತೊಂದರೆ. ಕಪ್ಪು ಗೆರೆ ಎಳೆದ ಮೇಲೆ ಹಳದಿ ತುಂಬಿದರೆ ಕಪ್ಪು ಕದಡಿ ಹಳದಿ ಎಲ್ಲ ಕೊಳೆಯಾಗ್ತಿದೆ. ಯಾರಾದ್ರೂ ದಾರಿ ತೋರಿಸಿ.

ಅಕ್ಷರದ_ಹುಚ್ಚು

ನಿಮ್ಮ ಕೈ ಸರಿಯಾಗಿಯೇ ಇದೆ. ತೊಂದರೆ ಇರೋದು ವಿಧಾನದಲ್ಲಿ. ಈ ಉಬ್ಬಿದ ಅಕ್ಷರ ಹುಟ್ಟಿದ್ದು 1970ರ ದಶಕದ ಆರಂಭದಲ್ಲಿ, ನ್ಯೂಯಾರ್ಕಿನಲ್ಲಿ. ‘ಫೇಸ್ 2’ ಎಂಬ ಹೆಸರಲ್ಲಿ ಬರೆಯುತ್ತಿದ್ದ, ಅಲ್ಲಿನ ಬ್ರಾಂಕ್ಸ್ ಪ್ರದೇಶದ ಕಲಾವಿದರು ಇದಕ್ಕೆ ರೂಪ ಕೊಟ್ಟವರು. ರೈಲು ಬೋಗಿಗಳ ಮೇಲೆ ಸ್ಪ್ರೇ ಡಬ್ಬಿಯಿಂದ ಬೇಗ ಬರೆಯಬೇಕಿತ್ತು, ಅದಕ್ಕೆ ಈ ದುಂಡು ಗೆರೆ ಹೇಳಿ ಮಾಡಿಸಿದ ಹಾಗಿತ್ತು. ಆದರೆ ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ ಹೆಚ್ಚಿನವು ನೇರ ಗೆರೆಗಳಿಂದ ಆದವು. ಅವನ್ನ ದುಂಡಗೆ ಮಾಡಿದರೂ ಎಚ್ ಎಚ್ ಆಗಿಯೇ ಉಳಿಯುತ್ತೆ.

ಕನ್ನಡ ಅಕ್ಷರ ಮೊದಲೇ ದುಂಡಗಿದೆ. ನಮ್ಮಲ್ಲಿ ಒಂದು ಅಕ್ಷರವನ್ನ ಇನ್ನೊಂದರಿಂದ ಬೇರೆ ಮಾಡೋದು ಸಣ್ಣ ಸಣ್ಣ ಗುರುತುಗಳು. ‘ಪ’ ಮತ್ತು ‘ವ’ ನಡುವೆ ಇರೋದು ಒಂದು ತೆರಪು. ‘ರ’ ಒಳಗೆ ಚುಕ್ಕಿ ಇಟ್ಟರೆ ‘ಠ’. ‘ದ’ ಕೆಳಗೆ ಒಂದು ಸೀಳು ಬಿದ್ದರೆ ‘ಧ’. ಎಲ್ಲ ಕಡೆ ಒಂದೇ ಸಮ ಉಬ್ಬಿಸಿದಾಗ ಮೊದಲು ಸಾಯೋದು ಇವೇ. ನಿಮ್ಮ ‘ಬ’ದಲ್ಲಿ ಆಗಿರೋದೂ ಅದೇ ಅನ್ಸುತ್ತೆ. ಮೇಲಿನ ಬಾಯಿ ಮುಚ್ಚಿಹೋಗಿದೆ.

ಹಾಗಾಗಿ ಉಬ್ಬಿಸುವ ಮೊದಲು ಅಸ್ಥಿಪಂಜರ ಬರೆಯಿರಿ. ಎಚ್‌ಬಿ ಪೆನ್ಸಿಲಲ್ಲಿ, ತೆಳುವಾಗಿ, ಒಂದೇ ಗೆರೆಯ ‘ಹಬ್ಬ’. ಎ4 ಹಾಳೆ ಅಡ್ಡ ಇಡಿ. ಅಂಚು ಬಿಟ್ಟರೆ ಸುಮಾರು 17 ಸೆಂಟಿಮೀಟರ್ ಎತ್ತರ ಸಿಗುತ್ತೆ. ಮೇಲಿನ 11 ಸೆಂ.ಮೀ. ಮುಖ್ಯ ಅಕ್ಷರಕ್ಕೆ, ಉಳಿದ 6 ಒತ್ತಿಗೆ. ಆಮೇಲೆ ಓದು ಕೆಡಿಸುವ ಜಾಗಗಳಿಗೆ ಒಂದು ಸಣ್ಣ ಗುರುತು ಹಾಕಿ: ‘ಹ’ದ ತಲಕಟ್ಟು, ‘ಬ’ದ ಬಾಯಿ, ಒತ್ತಿನ ಬಾಯಿ. ಆ ಜಾಗಗಳಲ್ಲಿ ಕನಿಷ್ಠ 3–4 ಮಿಲಿಮೀಟರ್ ಬಿಳಿ ಉಳಿಯಲೇಬೇಕು ಅಂತ ಮೊದಲೇ ತೀರ್ಮಾನ ಮಾಡಿ.

ಈಗ ಗೆರೆಯ ಎರಡೂ ಬದಿಗೆ ದಪ್ಪ ಕೊಡಿ. ಎಲ್ಲ ಕಡೆ ಒಂದೇ ದಪ್ಪ ಬೇಡ. ಹೊಟ್ಟೆಯ ಕಡೆ 7–8 ಮಿ.ಮೀ. ಉಬ್ಬಲಿ, ಬಾಯಿಯ ಹತ್ತಿರ 3ಕ್ಕೆ ಇಳಿಯಲಿ. ಈ ಏರಿಳಿತದಿಂದಲೇ ಕನ್ನಡದ ಉಬ್ಬು ಅಕ್ಷರಕ್ಕೆ ಜೀವ ಬರೋದು. ತಲಕಟ್ಟನ್ನು ಮಾತ್ರ ದುಂಡಗೆ ಮಾಡಬೇಡಿ, ತುದಿಯನ್ನ ಚೂಪಾಗಿ ಆಚೆ ಚಾಚಿ. ಇಂಗ್ಲಿಷ್ ಗ್ರಾಫಿಟಿಯಲ್ಲಿ ಬಾಣ ಹಾಕ್ತಾರಲ್ಲ, ಆ ಕೆಲಸಕ್ಕೆ ನಮಗೆ ತಲಕಟ್ಟು, ಕೊಂಬು, ದೀರ್ಘ ಎಲ್ಲ ಸಿದ್ಧವಾಗಿಯೇ ಇವೆ. ಇದು ನಮ್ಮ ಲಿಪಿಯ ಭಾಗ್ಯ, ಬಿಡಬೇಡಿ.

ಓದೋಕೆ ಆಗುತ್ತಾ ಅಂತ ನೋಡೋದು ಸುಲಭ. ಫೋನಲ್ಲಿ ಫೋಟೋ ತೆಗೆದು ಉಗುರಿನಷ್ಟು ಚಿಕ್ಕದು ಮಾಡಿ ನೋಡಿ. ಅಷ್ಟು ಚಿಕ್ಕದರಲ್ಲೂ ‘ಹಬ್ಬ’ ಅಂತ ಕಂಡರೆ ಬಣ್ಣ ಹಚ್ಚಬಹುದು. ಇಲ್ಲಾಂದ್ರೆ ಪೆನ್ಸಿಲ್ ಹಂತದಲ್ಲೇ ತಿದ್ದಿ.

ಮಾರ್ಕರ್_ಪೆಟ್ಟಿಗೆ

ಬಣ್ಣದ ವಿಷಯ ನಾನು ಹೇಳ್ತೀನಿ. ಮೊದಲು ಎರಡು ವಿಷಯ ತಿಳಿಸಿ. ಹಾಳೆ ಯಾವುದು? ಕಪ್ಪು ಗೆರೆ ಯಾವುದರಲ್ಲಿ ಎಳೆದಿರಿ?

ಹಾಳೆ_ಪೆನ್ಸಿಲ್

ಹಾಳೆ ಮಾಮೂಲಿ ಜೆರಾಕ್ಸ್ ಹಾಳೆ. ಕಪ್ಪು ಗೆರೆ ಪರ್ಮನೆಂಟ್ ಮಾರ್ಕರ್. ಹಳದಿ ಆಲ್ಕೋಹಾಲ್ ಮಾರ್ಕರ್. ಹಾಳೆಯ ಹಿಂದಕ್ಕೂ ಬಣ್ಣ ಇಳಿದಿದೆ.

ಮಾರ್ಕರ್_ಪೆಟ್ಟಿಗೆ

ಅಲ್ಲಿದೆ ನೋಡಿ ಉತ್ತರ. ಪರ್ಮನೆಂಟ್ ಮಾರ್ಕರಿನ ಶಾಯಿ ನೀರಿಗೆ ಕರಗಲ್ಲ, ಆದರೆ ಆಲ್ಕೋಹಾಲಿಗೆ ಕರಗುತ್ತೆ. ನಿಮ್ಮ ಹಳದಿ ಮಾರ್ಕರಿನಲ್ಲಿ ಇರೋದು ಅದೇ. ಅದು ಕಪ್ಪನ್ನ ಕರಗಿಸಿ ತನ್ನ ಜೊತೆ ಎಳೆದುಕೊಂಡು ಹೋಗ್ತಿದೆ. ಎಷ್ಟು ಹೊತ್ತು ಒಣಗಿಸಿದರೂ ಕದಡೋದು ನಿಲ್ಲಲ್ಲ.

ಕ್ರಮ ತಿರುಗಿಸಿ. ಪೆನ್ಸಿಲ್, ಆಮೇಲೆ ಬಣ್ಣ, ಕಪ್ಪು ಗೆರೆ ಕಟ್ಟಕಡೆಗೆ. ಪೆನ್ಸಿಲ್ ಗೆರೆಯನ್ನ ಬಣ್ಣಕ್ಕೆ ಮುಂಚೆ ರಬ್ಬರಿನಿಂದ ಒತ್ತಿ ತೆಳುವಾಗಿಸಿ, ಯಾಕಂದ್ರೆ ಬಣ್ಣದ ಕೆಳಗೆ ಸಿಕ್ಕಿಕೊಂಡ ಸೀಸ ಆಮೇಲೆ ಅಳಿಸಲ್ಲ. ಗೆರೆ ಮೊದಲೇ ಬೇಕೇ ಬೇಕು ಅಂದ್ರೆ ಪಿಗ್ಮೆಂಟ್ ಶಾಯಿಯ (ಬಣ್ಣದ ಪುಡಿ ಬೆರೆಸಿದ ಶಾಯಿ) ಫೈನ್‌ಲೈನರ್, ಅಂದ್ರೆ ಸಣ್ಣ ತುದಿಯ ಪೆನ್ ತಗೊಳ್ಳಿ. ಪೂರ್ತಿ ಒಣಗಿದ ಮೇಲೆ ಆಲ್ಕೋಹಾಲ್ ಮಾರ್ಕರ್ ಅದನ್ನ ಕದಡಲ್ಲ. ಆದರೂ ಮೂಲೆಯಲ್ಲಿ ಒಮ್ಮೆ ಪರೀಕ್ಷೆ ಮಾಡಿ.

ಜೆರಾಕ್ಸ್ ಹಾಳೆ ಸಾಮಾನ್ಯವಾಗಿ 70–80 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂಗಳಲ್ಲಿ). ಅಭ್ಯಾಸಕ್ಕೆ ಸಾಕು, ಬಣ್ಣಕ್ಕೆ ಸಾಲದು. ಕೊನೆಯ ಪ್ರತಿಗೆ 150 ಜಿಎಸ್‌ಎಂಗಿಂತ ದಪ್ಪದ, ನುಣುಪಾದ ಹಾಳೆ ಕೇಳಿ. ಆಗಲೂ ಅಡಿಯಲ್ಲಿ ಒಂದು ರದ್ದಿ ಹಾಳೆ ಇಡಿ. ಬಣ್ಣವನ್ನ ಗೆರೆಗೆ ಮುಟ್ಟಿಸಬೇಡಿ, 1 ಮಿ.ಮೀ. ಮೊದಲೇ ನಿಲ್ಲಿಸಿ. ಉಳಿದದ್ದನ್ನ ಶಾಯಿಯೇ ಹರಡಿ ತುಂಬುತ್ತೆ. ಮೇಲೆ ಹಳದಿ, ಕೆಳಗೆ ಕಿತ್ತಳೆ ಬೇಕಿದ್ದರೆ ಹಳದಿ ಹಸಿ ಇರುವಾಗಲೇ ಕಿತ್ತಳೆ ತಂದು, ಸೇರುವ ಜಾಗದಲ್ಲಿ ಮತ್ತೆ ಹಳದಿ ಎಳೆಯಿರಿ.

ನೀರಿನ ಸ್ಕೆಚ್ ಪೆನ್ ಬಳಸುವವರಿಗೆ ಒಂದು ಮಾತು. ಒಂದೇ ಜಾಗ ಮತ್ತೆ ಮತ್ತೆ ಉಜ್ಜಿದರೆ ಹಾಳೆಯ ನಾರು ಎದ್ದು ಬರುತ್ತೆ. ಒಂದೇ ದಿಕ್ಕಿಗೆ ಎಳೆಯಿರಿ, ಒಣಗಿದ ಮೇಲೆ ಎರಡನೇ ಸಲ.

ಹಾಳೆ_ಪೆನ್ಸಿಲ್

ತುಂಬಾ ಥ್ಯಾಂಕ್ಸ್. ಪೆನ್ಸಿಲ್ ಪ್ರತಿ ಮತ್ತೆ ಬರೆದೆ, ಗೆಳತಿ ನೋಡಿದ ತಕ್ಷಣ ಓದಿದಳು! ಈಗ ಎರಡು ಪ್ರಶ್ನೆ. ಒತ್ತು ‘ಬ’ದ ಹೊಟ್ಟೆಗೆ ಬಡಿಯುತ್ತೆ. ಯಾವುದು ಮುಂದೆ, ಯಾವುದು ಹಿಂದೆ ಇರಬೇಕು? ಮತ್ತೆ ನೆರಳು. ಇಂಗ್ಲಿಷಲ್ಲಿ ಮೂಲೆಯಿಂದ ಓರೆ ಗೆರೆ ಎಳೀತಿದ್ದೆ. ಕನ್ನಡದಲ್ಲಿ ಮೂಲೆಯೇ ಇಲ್ಲ, ಎಲ್ಲಿಂದ ಎಳೀಲಿ?

ಬೋರ್ಡ್_ಬರಹ

ನಾನು ಅಂಗಡಿ ಬೋರ್ಡು ಬರೆಯುವ ಕೆಲಸ ಕಲಿತವನು, ಹಾಗಾಗಿ ಈ ಎರಡಕ್ಕೂ ಉತ್ತರ ಕೊಡ್ತೀನಿ.

ಒತ್ತು ಮುಂದೆ ಇರಲಿ. ದೊಡ್ಡ ಅಕ್ಷರದ ಕೆಳಭಾಗ ಸ್ವಲ್ಪ ಮುಚ್ಚಿದರೂ ಜನ ಓದ್ತಾರೆ. ಒತ್ತು ಚಿಕ್ಕದು, ಅದರ ಅರ್ಧ ಮುಚ್ಚಿದರೆ ಗುರುತೇ ಸಿಗಲ್ಲ. ಮೊದಲು ಒತ್ತಿನ ಹೊರಗೆರೆ ಪೂರ್ತಿ ಎಳೆಯಿರಿ. ‘ಬ’ದ ಗೆರೆ ಅದಕ್ಕೆ ತಾಗಿದ ಕಡೆ ನಿಲ್ಲಿಸಿ, ಆ ಕಡೆಯಿಂದ ಮುಂದುವರಿಸಿ. ನಿಮಗೆ ಸಿಕ್ಕಿರೋದು ಸುಲಭದ ಒತ್ತು, ಅಕ್ಷರದ ರೂಪವೇ ಚಿಕ್ಕದಾಗಿ ಬರುತ್ತೆ. ತ, ನ, ಮ, ಯ, ರ, ಲ ಒತ್ತುಗಳಿಗೆ ಬೇರೆಯೇ ಆಕಾರ. ಅವನ್ನ ಉಬ್ಬಿಸುವಾಗ ಇನ್ನೂ ಜಾಸ್ತಿ ಜೋಪಾನ ಬೇಕು.

ಈಗ ನೆರಳು. ಬೆಳಕು ಎಡ ಮೇಲಿಂದ ಬರ್ತಿದೆ ಅಂದುಕೊಳ್ಳಿ. ನೆರಳು ಬಲ ಕೆಳಗೆ, 45 ಡಿಗ್ರಿ. ಸ್ಕೇಲನ್ನ ಆ ಓರೆಯಲ್ಲಿ ಹಿಡಿದು ಅಕ್ಷರದ ಹತ್ತಿರ ಮೆಲ್ಲಗೆ ಸರಿಸಿ. ಅದು ದುಂಡು ಅಂಚನ್ನ ಬರೀ ಸವರುವ ಒಂದು ಬಿಂದು ಸಿಗುತ್ತೆ. ಪ್ರತಿ ಹೊಟ್ಟೆಗೂ ಇಂಥವು ಎರಡು: ಬಲ ಮೇಲಿನ ತಿರುವಲ್ಲಿ ಒಂದು, ಎಡ ಕೆಳಗಿನ ತಿರುವಲ್ಲಿ ಒಂದು. ನಿಮ್ಮ ‘ಮೂಲೆ’ ಇವೇ. ಎರಡರಿಂದಲೂ 7 ಮಿ.ಮೀ. ಓರೆ ಗೆರೆ ಎಳೆದು, ತುದಿಗಳನ್ನ ಅಕ್ಷರದ ಅಂಚಿನಂಥದೇ ಬಾಗಿನಿಂದ ಸೇರಿಸಿ. ಎಲ್ಲ ಕಡೆ ಅದೇ 7 ಇರಬೇಕು. ಒಂದು ಕಡೆ 5, ಇನ್ನೊಂದು ಕಡೆ 9 ಆದರೆ ಅಕ್ಷರ ವಾಲಿದ ಹಾಗೆ ಕಾಣುತ್ತೆ.

ಒಳಗಿನ ಪೊಳ್ಳುಗಳನ್ನ ಮರೆಯಬೇಡಿ. ಹೆಚ್ಚಿನವರು ತಪ್ಪೋದು ಇಲ್ಲೇ. ಹೊರಗಡೆ ನೆರಳು ಬಲ ಕೆಳಗೆ ಕಂಡರೆ, ಪೊಳ್ಳಿನ ಒಳಗೆ ಅದು ಎಡ ಮೇಲಿನ ಅಂಚಿಗೆ ಅಂಟಿಕೊಂಡು ಕಾಣಬೇಕು. ಪೊಳ್ಳು ತೀರಾ ಚಿಕ್ಕದಿದ್ದರೆ ಪೂರ್ತಿ ಕಪ್ಪು ತುಂಬಿಬಿಡಿ. ಆದರೆ ‘ಬ’ದ ಬಾಯಿಗೆ ತುಂಬಬೇಡಿ, ಓದು ಕೆಡುತ್ತೆ.

ಇದೆಲ್ಲ ಕಷ್ಟ ಅನ್ಸಿದರೆ ಟ್ರೇಸಿಂಗ್ ಹಾಳೆ ತಗೊಳ್ಳಿ. ಅಕ್ಷರದ ಹೊರಗೆರೆ, ಪೊಳ್ಳುಗಳ ಗೆರೆ ಎರಡನ್ನೂ ಅದರ ಮೇಲೆ ತೆಗೆದು, ಬಲ ಕೆಳಕ್ಕೆ 7 ಮಿ.ಮೀ. ಸರಿಸಿ. ಮೂಲ ಅಕ್ಷರದಿಂದ ಆಚೆ ಬಿದ್ದ ಭಾಗವಷ್ಟನ್ನೂ ಮೂಲ ಹಾಳೆಗೆ ಇಳಿಸಿ. ಅದು ಬೀಳುನೆರಳು. ಅಕ್ಷರಕ್ಕೆ ಗಟ್ಟಿ ದಪ್ಪ ಬೇಕಿದ್ದರೆ ಆ ಸವರುವ ಬಿಂದುಗಳನ್ನ ಓರೆ ಗೆರೆಯಿಂದ ಜೋಡಿಸಿದರಾಯ್ತು.

ಕಣ್ಣು ಪಳಗಬೇಕು ಅಂದ್ರೆ ಕೈಯಲ್ಲಿ ಬರೆದ ಹಳೇ ಅಂಗಡಿ ಬೋರ್ಡು, ಲಾರಿಗಳ ಹಿಂದಿನ ಬರಹ ಫೋಟೋ ತೆಗೆದಿಟ್ಟುಕೊಳ್ಳಿ. ಕನ್ನಡದ ದುಂಡಕ್ಕೆ ನೆರಳು ಹೇಗೆ ಕೊಡಬೇಕು ಅನ್ನೋದನ್ನ ನಮ್ಮ ಪೇಂಟರುಗಳು ಆಗಲೇ ಬಿಡಿಸಿಟ್ಟಿದ್ದಾರೆ. ಫ್ಲೆಕ್ಸ್ ಬಂದ ಮೇಲೆ ಅಂಥ ಬೋರ್ಡು ಕಡಿಮೆಯಾಗ್ತಿವೆ, ಸಿಕ್ಕಾಗ ನಿಂತು ನೋಡಿ.

ಅಕ್ಷರದ_ಹುಚ್ಚು

ಬೋರ್ಡ್_ಬರಹ ಅವರೇ, ನೆರಳಿನ ವಿಷಯ ನೀವು ಹೇಳಿದ್ದೇ ಸರಿ. ಒತ್ತು ಯಾವಾಗಲೂ ಮುಂದೆ ಅನ್ನೋದನ್ನ ಮಾತ್ರ ನಾನು ಪೂರ್ತಿ ಒಪ್ಪಲ್ಲ. ಕೈ ಪಳಗಿದ ಮೇಲೆ ಒತ್ತಿನ ಒಂದು ತುದಿಯನ್ನ ಅಕ್ಷರದ ಹಿಂದಿನಿಂದ ತಂದು ಮುಂದಕ್ಕೆ ಹೆಣೆಯಬಹುದು, ಬಲು ಚೆಂದ ಕಾಣುತ್ತೆ. ಈಗ ಶುರು ಮಾಡಿದವರಿಗೆ ನಿಮ್ಮ ನಿಯಮವೇ ಒಳ್ಳೇದು.

ಹಾಳೆ_ಪೆನ್ಸಿಲ್

ಸ್ಕೇಲ್ ಸರಿಸುವ ವಿಧಾನ ಕೆಲಸ ಮಾಡ್ತು! ಬಣ್ಣವೂ ಕದಡಲಿಲ್ಲ. ಕೊನೆಯದಾಗಿ ಹೊಳಪಿಗೆ ಬಿಳಿ ಜೆಲ್ ಪೆನ್ ತಂದಿದ್ದೇನೆ. ಎಲ್ಲಿ ಹಾಕಲಿ?

ಮಾರ್ಕರ್_ಪೆಟ್ಟಿಗೆ

ಬೆಳಕು ಬರುವ ಕಡೆ, ಅಂದ್ರೆ ಪ್ರತಿ ಉಬ್ಬಿನ ಎಡ ಮೇಲಿನ ತಿರುವಲ್ಲಿ. ಹೊರಗೆರೆಯಿಂದ 2–3 ಮಿ.ಮೀ. ಒಳಗೆ, ಅದೇ ಬಾಗಿನಲ್ಲಿ ಒಂದು ಗಿಡ್ಡ ಗೆರೆ, ಪಕ್ಕದಲ್ಲಿ ಒಂದು ಚುಕ್ಕಿ. ಎಲ್ಲ ಉಬ್ಬಿಗೂ ಹಾಕಬೇಡಿ, ದೊಡ್ಡವಕ್ಕೆ ಸಾಕು. ಕೆಳಗಿನ ಮಾರ್ಕರ್ ಪೂರ್ತಿ ಒಣಗಿರಬೇಕು, ಇಲ್ಲಾಂದ್ರೆ ಬಿಳಿ ಹಳದಿಗೆ ತಿರುಗುತ್ತೆ. ಪೆನ್ನನ್ನ ಒತ್ತಬೇಡಿ, ನಿಧಾನಕ್ಕೆ ಎಳೆಯಿರಿ. ಬಿಳಿ ಸಾಲದಿದ್ದರೆ ಅದು ಒಣಗಿದ ಮೇಲೆ ಅದರ ಮೇಲೇ ಇನ್ನೊಂದು ಗೆರೆ.