ಸಹಾಯ ಬೇಕು: ಬ್ರೌಸರ್‌ನಲ್ಲಿ ಹಳೆ ಕನ್ನಡ ಪುಟ ಓದೋಕೆ ಬರ್ತಿಲ್ಲ

ಎಲ್ಲರಿಗೂ ನಮಸ್ಕಾರ, ಸಿಂಧನೂರಿನಿಂದ ಬರೆಯುತ್ತಿದ್ದೇನೆ. ಭತ್ತದ ಬೆಳೆ ಬಗ್ಗೆ ಒಂದು ಹಳೆ ಕನ್ನಡ ವೆಬ್‌ಸೈಟ್ ಇದೆ. ಅದರಲ್ಲಿರೋ ಬೆಂಕಿ ರೋಗದ ಮಾಹಿತಿ ನಮ್ಮ ಕಾಕಾಗೆ ಬೇಕು. ತೆರೆದರೆ ಮೇಲಿನ ಹೆಸರು ಮಾತ್ರ ಸರಿ (ಅದು ಚಿತ್ರ ಇರಬೇಕು). ಕೆಳಗೆಲ್ಲ ಇಂಗ್ಲಿಷ್ ಅಕ್ಷರ, ನಡುನಡುವೆ ಪೌಂಡ್ ಚಿಹ್ನೆ, ತಲೆ ಮೇಲೆ ಗೀಟು ಹೊತ್ತ 'ಎ'ಗಳು.

ವಿಂಡೋಸ್ 10, ಫೈರ್‌ಫಾಕ್ಸ್. ಬೇರೆ ಕನ್ನಡ ಸೈಟುಗಳು ಚೆನ್ನಾಗಿಯೇ ಕಾಣುತ್ತವೆ. ಫಾಂಟೇ ಇಲ್ಲದಿದ್ದರೆ ಚೌಕ ಡಬ್ಬಿಗಳು ಬರುತ್ತಿದ್ದವು, ಅಲ್ವಾ? ಕ್ರೋಮ್‌ನಲ್ಲೂ ಇದೇ ಕಥೆ.

ಒಂದು ಸಾಲು ಕಾಪಿ ಮಾಡಿ ವರ್ಡ್‌ಗೆ ಹಾಕಿ, ಫಾಂಟ್ 'ನುಡಿ 01 ಇ' ಮಾಡಿದೆ (ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಇಟ್ಟಿರೋ ಹಳೆ ಬಗೆಯ ಫಾಂಟ್ ಅದು). ಒತ್ತಕ್ಷರ ಸಮೇತ ಕನ್ನಡ ಬಂತು! ಅಂದರೆ ಪುಟ ಯುನಿಕೋಡ್‌ನಲ್ಲಿಲ್ಲ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡೋ ಈಗಿನ ಪದ್ಧತಿ). ಪುಟದ ಸೋರ್ಸ್ ಕೋಡ್ ನೋಡಿದರೆ ಫಾಂಟನ್ನು ಇಒಟಿ ಫೈಲಾಗಿ (ಪುಟದ ಜೊತೆಗೇ ಬರೋ ಹಳೆ ಬಗೆಯ ಫಾಂಟ್ ಫೈಲ್) ಕೊಟ್ಟಿದ್ದಾರೆ. ಅದನ್ನು ಓದುತ್ತಿದ್ದುದು ಇಂಟರ್ನೆಟ್ ಎಕ್ಸ್‌ಪ್ಲೋರರ್ ಮಾತ್ರ. ಅದಕ್ಕೂ 2022ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ಮಂಗಳ ಹಾಡಿತು.

ಫೈರ್‌ಫಾಕ್ಸ್ ಸೆಟ್ಟಿಂಗ್ಸ್‌ನಲ್ಲಿ ಪುಟಗಳು ತಮ್ಮದೇ ಫಾಂಟ್ ಬಳಸೋ ಟಿಕ್ ತೆಗೆದು, ನುಡಿ ಇಟ್ಟರೆ ಈ ಪುಟ ಓದಬಹುದು. ಆದರೆ ಆಗ ಇಂಗ್ಲಿಷ್ ಸೈಟುಗಳೆಲ್ಲ ಅರ್ಥವಿಲ್ಲದ ಕನ್ನಡ ಆಗಿಬಿಡುತ್ತವೆ! ಬ್ಯಾಂಕಿನ ಪುಟ ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಈ ಒಂದು ಸೈಟಿಗೆ ಮಾತ್ರ ನುಡಿ ಹಚ್ಚೋ ಎಕ್ಸ್‌ಟೆನ್ಶನ್ ಯಾವುದಾದರೂ ಇದೆಯಾ? ಇಲ್ಲಾಂದ್ರೆ ಇಡೀ ಪುಟವನ್ನು ಯುನಿಕೋಡ್‌ಗೆ ತಿರುಗಿಸೋ ಒಳ್ಳೆ ಕನ್ವರ್ಟರ್ ಹೇಳಿ. ಅರ್ಕಾವೊತ್ತು ಕೆಡಬಾರದು. ಕಾಕಾ ಓದೋದು ಮೊಬೈಲಿನಲ್ಲೇ, ಹಾಗಾಗಿ ಯುನಿಕೋಡ್ ಆದರೆ ಇನ್ನೂ ಜಾಸ್ತಿ ಅನುಕೂಲ.