ಕುಕ್ಕರ್ ಮೂರು ಸಲ ಕೂಗುವಷ್ಟರಲ್ಲಿ ಕಥೆ ಬರೆಯಬಹುದಾ?

ತೋಟದ ಮೂಲೆ (ಶಿರಸಿ): ದೀಪಾವಳಿಯಿಂದ ಒಂದು ಕಥೆ ಬರೆಯುತ್ತಿದ್ದೇನೆ. ಈಗ ಆಷಾಢ. ಆಗಿದ್ದು ನಾಲ್ಕು ಪುಟ. ಬೆಳಿಗ್ಗೆ ಕೊಟ್ಟಿಗೆ, ತೆಳ್ಳೇವು, ಮಗಳ ಸ್ಕೂಲ್ ಬಸ್, ಮಾವನವರ ಮಾತ್ರೆ. ಮಧ್ಯಾಹ್ನ ಕುಕ್ಕರ್ ಇಟ್ಟು ನೋಟ್‌ಬುಕ್ ತೆಗೆದರೆ ಮೂರು ಕೂಗಿಗೆ ಎರಡು ಸಾಲು. ಪಾತ್ರೆ ತೊಳೆಯುವಾಗ ಫೋನಿಗೆ ಹೇಳಿ ಬರೆಸಿ ನೋಡಿದೆ. ಕಥೆಯಲ್ಲಿ ಅಡಿಕೆ ಕೊನೆ ಕೊಯ್ಯುವವನು ಒಬ್ಬನಿದ್ದಾನೆ. "ಕೊನೆಗೌಡ ಮರ ಹತ್ತಿದ" ಎಂದರೆ ಅದು "ಕೊನೆಗೂ ಮರ ಹತ್ತಿದ" ಎಂದು ಬರೆಯಿತು! ಮನೆ ನೋಡಿಕೊಂಡು ಬರೆಯುವವರು ಹೊತ್ತು ಹೇಗೆ ಮಾಡಿಕೊಳ್ಳುತ್ತೀರಿ?

ಸದಾಶಿವಗಡ: ತಪ್ಪು ತಿಳಿಯಬೇಡಿ ಮೇಡಂ, ಹೊತ್ತಿಲ್ಲ ಎನ್ನುವುದು ನೆಪ. ನಮ್ಮ ಹನೇಹಳ್ಳಿಯ ಯಶವಂತ ಚಿತ್ತಾಲರು ಮುಂಬೈಯ ಬೇಕಲೈಟ್ ಹೈಲಮ್ ಕಂಪನಿಯಲ್ಲಿ ಪೂರ್ತಿ ನೌಕರಿ ಮಾಡುತ್ತಲೇ ಬರೆದರು. ಅವರ ಕಾದಂಬರಿ 'ಶಿಕಾರಿ' ಬಂದಿದ್ದು 1979ರಲ್ಲಿ. ಬೆಳಿಗ್ಗೆ ನಾಲ್ಕಕ್ಕೆ ಏಳಿ. ನಾನು ಏಳುತ್ತೇನೆ.

ಅಘನಾಶಿನಿ (ಕುಮಟಾ): "ಪೂರ್ತಿ ನೌಕರಿ" ಅಂದಿರಲ್ಲ. ನೌಕರಿಗೆ ಸಂಜೆ ಅಂತ ಒಂದಿರುತ್ತದೆ. ಆಫೀಸಿಗೆ ಬೀಗ ಹಾಕುತ್ತಾರೆ, ಅಡುಗೆಮನೆಗೆ ಯಾರು ಹಾಕುತ್ತಾರೆ? ನೀವು ನಾಲ್ಕಕ್ಕೆ ಎದ್ದಾಗ ಚಹಾ ಯಾರು ಮಾಡುತ್ತಾರೆ, ಅದನ್ನೂ ಹೇಳಿ.

ಸದಾಶಿವಗಡ: ಚಹಾ ನಾನೇ ಮಾಡಿಕೊಳ್ಳುತ್ತೇನೆ. ಬೇಕಾದರೆ ಬಂದು ನೋಡಿ. ಹೆಂಗಸರು ಬರೆದಿಲ್ಲವಾ? ಎಂ.ಕೆ. ಇಂದಿರಾ ಸಂಸಾರ ನೋಡಿಕೊಂಡೇ ಅಷ್ಟು ಕಾದಂಬರಿ ಬರೆದರು.

ಅಘನಾಶಿನಿ: ಅವರು ಹುಟ್ಟಿದ್ದು 1917ರಲ್ಲಿ. ಮೊದಲ ಕಾದಂಬರಿ 'ತುಂಗಭದ್ರಾ' ಬಂದಿದ್ದು 1963ರಲ್ಲಿ. ಲೆಕ್ಕ ಹಾಕಿ, ನಲವತ್ತಾರು ವರ್ಷ. ನಿಮ್ಮ ಸಾಕ್ಷಿ ನನ್ನ ಕಡೆ ಬಂದು ಕೂತಿತು.

ಸದಾಶಿವಗಡ: ಅವರು ತೀರ್ಥಹಳ್ಳಿ ಕಡೆಯವರು. ನಾವು ಮಾತಾಡುತ್ತಿರುವುದು ನಮ್ಮ ಉತ್ತರ ಕನ್ನಡ ಜಿಲ್ಲೆಯದ್ದು.

ಅಘನಾಶಿನಿ: ಹೆಸರು ತಂದಿದ್ದು ಯಾರು ಸ್ವಾಮಿ?!

ಸದಾಶಿವಗಡ: ವಿಷಯಕ್ಕೆ ಬನ್ನಿ. ಘಟ್ಟದ ಮೇಲೆ ಮಳೆಗಾಲದಲ್ಲಿ ಏನು ಕೆಲಸ ಇರುತ್ತದೆ? ಕಂಬಳಿ ಹೊದ್ದು ಹಲಸಿನ ಹಪ್ಪಳ ಸುಟ್ಟು ತಿನ್ನುವುದು. ಮೂರು ತಿಂಗಳಲ್ಲಿ ಒಂದು ಕಾದಂಬರಿ ಬರೆಯಬಹುದು.

ಮೈಲುತುತ್ತ (ಸಿದ್ದಾಪುರ): ಹಪ್ಪಳ ಅಂದಿರಾ? ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ, ಇನ್ನು ಆಗುವುದಿಲ್ಲ. ಮಳೆಗಾಲದಲ್ಲಿ ಅಡಿಕೆಗೆ ಬರುವ ಕೊಳೆರೋಗ ಅಂತ ಒಂದಿದೆ, ಕೇಳಿದ್ದೀರಾ? ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮಳೆ ನಿಂತು ಹೊಳವಾದ ಎರಡು ಗಂಟೆಯಲ್ಲಿ ಮದ್ದು ಹೊಡೆದು ಮುಗಿಸಬೇಕು. 40–45 ದಿನಕ್ಕೆ ಮತ್ತೊಂದು ಸಲ. ನಿಜವಾದ ರಜೆ ಇರುವುದು ಘಟ್ಟದ ಕೆಳಗೆ. ಜೂನ್ 1ರಿಂದ ಜುಲೈ 31, ಮೀನುಗಾರಿಕೆ ನಿಷೇಧ, ಒಟ್ಟು 61 ದಿನ ಬೋಟ್ ದಡದಲ್ಲಿ. ಅವರು ಯಾಕೆ ಬರೆಯುವುದಿಲ್ಲ?

ಬಂಗುಡೆ ಸಾರು (ಕಾರವಾರ): ರಜೆ???? ಯಾರಿಗೆ ರಜೆ? 61 ದಿನ ನಿಲ್ಲುವುದು ಯಾಂತ್ರಿಕ ಬೋಟ್. 10 ಅಶ್ವಶಕ್ತಿಯೊಳಗಿನ ನಾಡದೋಣಿಗೆ ನಿಷೇಧ ಇಲ್ಲ. ಬೋಟ್ ನಿಂತವರು ಬೈತ್‌ಕೋಲ್ ಬಂದರಿನಲ್ಲಿ ಕೂತು ಬಲೆ ರಿಪೇರಿ ಮಾಡುತ್ತಾರೆ. ನೈಲಾನ್ ದಾರ ಎಳೆದೂ ಎಳೆದೂ ನನ್ನ ತೋರುಬೆರಳಲ್ಲಿ ಗೆರೆ ಬಿದ್ದಿದೆ, ಸೋಪು ತಾಗಿದರೆ ಉರಿ. ಆ ಬೆರಳಲ್ಲಿ ಪೆನ್ ಹಿಡಿದು ತೋರಿಸಿ. ಇನ್ನೊಂದು ಪ್ರಶ್ನೆ: ಮದ್ದು ಹೊಡೆಯುವುದು ನೀವಾ, ಕೊನೆಗೌಡನಾ?

ಮೈಲುತುತ್ತ: ಮರದ ಮೇಲೆ ಅವನು. ಕೆಳಗೆ ಬ್ಯಾರಲ್ ಹತ್ತಿರ ನಿಂತು ಕದಡುವುದು ಯಾರು? ನನ್ನ ಮೂರು ಅಂಗಿ ನೀಲಿಯಾಗಿದೆ.

ಬಂಗುಡೆ ಸಾರು: "ನಿಂತು". ಅಷ್ಟೇ ಸಾಕು.

ಬಸ್ ಪಾಸ್ (ಅಂಕೋಲಾ): ಅಕ್ಕಾ, ನಾನು ದಿನಾ ಕಾರವಾರಕ್ಕೆ ಹೋಗುವ ಬಸ್ಸಿನಲ್ಲಿ ಬರೆಯುತ್ತೇನೆ. ಕಿಟಕಿ ಸೀಟು ಸಿಕ್ಕಿದರೆ ಅರ್ಧ ಪುಟ. ನಿಂತುಕೊಂಡರೆ ಏನೂ ಇಲ್ಲ, ಆದರೆ ಮುಂದಿನ ವಾಕ್ಯ ತಲೆಯಲ್ಲೇ ಇಟ್ಟುಕೊಂಡಿರುತ್ತೇನೆ.

ಸದಾಶಿವಗಡ: ಅರ್ಧ ಪುಟಕ್ಕೆಲ್ಲ ಬರವಣಿಗೆ ಅನ್ನುವುದಿಲ್ಲ ತಮ್ಮಾ. ಅದು ಚೀಟಿ.

ಮೈಲುತುತ್ತ: ಬಂಗುಡೆಯವರೇ, ನಿಷೇಧ ಇಲ್ಲ ಎಂದ ಮಾತ್ರಕ್ಕೆ ನಾಡದೋಣಿ ದಿನಾ ಹೋಗುತ್ತದಾ? ಕಡಲು ಎದ್ದ ದಿನ ಏನು ಮಾಡುತ್ತೀರಿ?

ಬಂಗುಡೆ ಸಾರು: ಕಡಲು ಎದ್ದಿದ್ದನ್ನು ನೀವು ಎಲ್ಲಿ ನೋಡಿದಿರಿ, ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಾ?

ಮೈಲುತುತ್ತ: ಜಾತ್ರೆ ವಿಷಯಕ್ಕೆ ಬರಬೇಡಿ. ಹೇಳಿದ್ದೇನೆ.

ಅಘನಾಶಿನಿ: ಇಬ್ಬರು ಗಂಡಸರು ಮಳೆಗಾಲ ಪಾಲು ಮಾಡಿಕೊಳ್ಳುತ್ತಿದ್ದೀರಿ. ಒಣಮೀನು ಮಾರುವವಳಿಗೆ 61 ದಿನವೂ ಇಲ್ಲ, ಎರಡು ಗಂಟೆ ಹೊಳವೂ ಇಲ್ಲ.

ಬಂಗುಡೆ ಸಾರು: ಒಣಮೀನು ಮಾರುವುದು ನಮ್ಮ ಆಯಿ. ಅವಳ ಹೆಸರಲ್ಲಿ ನೀವು ವಾದ ಮಾಡಬೇಡಿ.

ಅಘನಾಶಿನಿ: ಹಾಗಿದ್ದರೆ ಸಂಜೆ ಬುಟ್ಟಿ ಇಳಿಸಿದ ಮೇಲೆ ಅಡುಗೆ ಯಾರು ಮಾಡುತ್ತಾರೆ? ಉತ್ತರ ಬೇಡ, ಗೊತ್ತು.

ಸದಾಶಿವಗಡ: ಮತ್ತೆ ಅಡುಗೆಗೇ ಬಂದಿರಿ. ನಾಲ್ಕು ಗಂಟೆಯ ವಿಷಯಕ್ಕೆ ಒಬ್ಬರೂ ಉತ್ತರ ಕೊಟ್ಟಿಲ್ಲ.

ತೋಟದ ಮೂಲೆ: ಕೊಡುತ್ತೇನೆ. ನಾಲ್ಕಕ್ಕೆ ಎದ್ದು ಲೈಟ್ ಹಾಕಿದರೆ ಮಾವನವರು ಬೆಳಗಾಯಿತು ಎಂದು ಎದ್ದು ಕೂರುತ್ತಾರೆ. ಅವರಿಗೆ ಕಷಾಯ ಆಗಬೇಕು. ಕಷಾಯದ ವಾಸನೆಗೆ ದನ ಕೂಗುತ್ತದೆ. ಹೋಗಲಿ ಬಿಡಿ, ನೀವೆಲ್ಲ ಜಗಳ ಆಡುವಷ್ಟರಲ್ಲಿ ಇವತ್ತಿನ ಅನ್ನ ಆಯಿತು. ಎರಡು ಸಾಲೂ ಆಯಿತು. ಫೋನ್ ಮಾಡಿದ ತಪ್ಪನ್ನು ತಿದ್ದಲಿಲ್ಲ, ಅದರ ಹಿಂದೆ ಒಂದು ಸಾಲು ಸೇರಿಸಿದೆ: "ಹೋದ ವರ್ಷ ಬಿದ್ದ ಮೇಲೆ ತೋಟದ ಕಡೆ ತಲೆ ಹಾಕಿರಲಿಲ್ಲ. ಕೊನೆಗೂ ಮರ ಹತ್ತಿದ."

ಬಸ್ ಪಾಸ್: ಅಕ್ಕಾ!! ಕಥೆ ಇಲ್ಲೇ ಶುರುವಾಗುತ್ತದೆ. ಮೊದಲ ನಾಲ್ಕು ಪುಟ ಹರಿದು ಹಾಕಿ.

ತೋಟದ ಮೂಲೆ: ದೀಪಾವಳಿಯಿಂದ ಬರೆದಿದ್ದು ತಮ್ಮಾ, ಹರಿಯುವುದಾ!

ಸದಾಶಿವಗಡ: ವಾಕ್ಯದಲ್ಲಿ ಕರ್ತೃಪದವೇ ಇಲ್ಲ. ಮರ ಹತ್ತಿದ್ದು ಯಾರು?

ಬಂಗುಡೆ ಸಾರು: ಮೈಲುತುತ್ತದವರಂತೂ ಅಲ್ಲ. ಅವರು ಕೆಳಗೆ ನಿಂತಿರುತ್ತಾರೆ.